ಮನೆಯ ಕಾರ್ಯಶಾಲೆಗೆ ಒಂದು ಹಳೆಯ ಲೇತ್



ಕುಂಬಾರನ ತಿಗುರಿಯನ್ನು ಕಾಣದವರು ನಮ್ಮಲ್ಲಿ ವಿರಳ. ಚೆನ್ನಪಟ್ಟಣದಲ್ಲಿ ಮರದ ತುಂಡನ್ನು ತಿರುಗಬಿಟ್ಟು, ಅದಕ್ಕೆ ಉಳಿಯನ್ನೊಡ್ಡಿ, ನೋಡುನೋಡುತ್ತಿರುವಂತೆಯೇ ಬೊಂಬೆಯ ತಲೆಯನ್ನೂ ಹೊಟ್ಟೆಯನ್ನೂ ಕಡೆದು ತೆಗೆಯುವವರನ್ನು ಕೂಡ ಬಹುಮಂದಿ ನೋಡಿರಬಹುದು. ಸೋಮನಾಥಪುರದಲ್ಲಿಯೂ ಹಳೇಬೀಡಿನಲ್ಲಿಯೂ ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಕಾಣುವ ಬಳಪದ ಕಲ್ಲಿನ ಕಂಬಗಳೂ ಹೀಗೆಯೇ ತಿರುಗಿಸಿ ಕಡೆದವೆಂದು ಬಲ್ಲವರು ಹೇಳುತ್ತಾರೆ. ಆದುದರಿಂದ ಕಡೆಯುವ ವಿದ್ಯೆ ನಮಗೆ ಹೊಸದಲ್ಲ. ಹೊಸದೇನಿದ್ದರೂ ಕಬ್ಬಿಣವನ್ನು ಕಡೆಯುವ ಯಂತ್ರ. ಇದಕ್ಕೆ ಪಂಡಿತರು ಏನೇನು ಹೆಸರುಗಳನ್ನು ಕಟ್ಟಿದರೂ ಊರಿನ ಜನ ಲೇತ್ ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುವೆನು.

ಬೊಂಬೆಯವನ ಯಂತ್ರಕ್ಕೂ ಕಬ್ಬಿಣದ ಲೇತ್‌ಗೂ ಮುಖ್ಯವಾದ ಭೇದ ಒಂದೇ. ಬೊಂಬೆಯವನು ಉಳಿಯನ್ನು ತನ್ನ ಕೈಯಲ್ಲಿ ಹಿಡಿಯುತ್ತಾನೆ. ಯಂತ್ರ ತುಸು ಓಲಾಡಿದರೂ ಅವನ ಕೈ ಅದನ್ನು ಸರಿತೂಗಿಸಿಕೊಳ್ಳುತ್ತದೆ. ಕಬ್ಬಿಣದ ಲೇತ್‌ನಲ್ಲಿ ಉಳಿಯನ್ನು ಹಿಡಿಯುವುದು ಯಂತ್ರವೇ. ಸುಮಾರು ೧೮೦೦ರ ಹೊತ್ತಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್ಲೆ ಎಂಬಾತನು ಉಳಿಯನ್ನು ಜಾರುಪೀಠದ ಮೇಲೆ ಬಿಗಿದು, ತಿರುಪಿನ ಸರಳೊಂದರಿಂದ ಅದನ್ನು ನಡೆಸುವ ಕ್ರಮವನ್ನು ಊರ್ಜಿತಗೊಳಿಸಿದನು. ಅಂದಿನಿಂದ ಕೆಲಸಗಾರನ ಕೈಯ ಜಾಣ್ಮೆ ಯಂತ್ರದ ಮೈಗೆ ಇಳಿಯಿತು. ಯಂತ್ರ ನೇರವಾಗಿದ್ದರೆ ಕೆಲಸವೂ ನೇರ. ಯಂತ್ರ ಸವೆದಿದ್ದರೆ ಆ ಸವಕಳಿಯೂ ನೀವು ಕಡೆಯುವ ಪ್ರತಿಯೊಂದು ಕಂಬಿಯ ಮೇಲೆ ಬರೆದಿಟ್ಟಂತೆ ಮೂಡುತ್ತದೆ. ಹಳೆಯ ಲೇತ್ ಕೊಳ್ಳುವುದೆಂದರೆ ಅದರ ಸವಕಳಿಯನ್ನೂ ಕೂಡಿಯೇ ಕೊಳ್ಳುವುದು. ಯಾವ ಸವಕಳಿಯನ್ನು ಕೊಳ್ಳಬಹುದು, ಯಾವುದನ್ನು ಕೊಳ್ಳಬಾರದು ಎಂಬುದೇ ಈ ದಿನದ ನನ್ನ ವಿಷಯ.

ಮದ್ದೂರಿನಲ್ಲಿರುವ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ವಡೆಗೆ ಹೆಸರಾದ ಮಂಡ್ಯದ ಸೀಮೆಯ ಮದ್ದೂರಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹಾದಿಯಲ್ಲಿ, ಬಂಡೀಪುರದ ಕಾಡಿನ ಅಂಚಿನಲ್ಲಿರುವ ಮದ್ದೂರು. ೨೦೦೯ರಿಂದೀಚೆಗೆ ರಾತ್ರಿ ೯ ಗಂಟೆಯಿಂದ ಬೆಳಗ್ಗೆ ೬ರ ವರೆಗೆ ಕಾಡಿನ ಹಾದಿಯಲ್ಲಿ ವಾಹನಸಂಚಾರ ನಿಷಿದ್ಧವಾದ ಮೇಲೆ ಅಲ್ಲಿಯ ತನಿಖಾ ಠಾಣೆಯ ಹೆಸರನ್ನು ದೂರದವರೂ ಕೇಳಿದ್ದಾರೆ. ಇಂಥ ಊರಿನಲ್ಲಿ ಪಂಪ್‌ಸೆಟ್ಟಿನ ಬುಷ್ ಸವೆದರೆ, ಟಿಲ್ಲರಿನ ಪಿನ್ ಮುರಿದರೆ, ಗುಂಡ್ಲುಪೇಟೆಗೆ ಹೋಗಬೇಕು; ಅಲ್ಲಿ ಆಗದಿದ್ದರೆ ಮೈಸೂರಿಗೆ. ಅಂಗೈಯಗಲದ ಕಂಚಿನ ಬಳೆಗಾಗಿ ಒಂದು ದಿನದ ದುಡಿಮೆಯೂ ಬೆಳೆಗೆ ಹೋಗಬೇಕಾದ ನೀರೂ ನಿಂತುಹೋಗುತ್ತವೆ. ನಮ್ಮ ಗೃಹಸ್ಥನಿಗೆ ಹಿತ್ತಲಲ್ಲಿ ಹತ್ತಡಿ ಹನ್ನೆರಡಡಿಯ ಒಂದು ಕೊಠಡಿಯುಂಟು, ಕೈಗೆಲಸದಲ್ಲಿ ಆಸಕ್ತಿಯುಂಟು, ಹಣ ಮಾತ್ರ ಮಿತವಾಗಿದೆ. ಅವನು ಏನು ಮಾಡಬೇಕು?

ಮೊದಲು ಒಂದು ಮಾತನ್ನು ಹೇಳಿಬಿಡುತ್ತೇನೆ. ಲೇತ್ ತಂದ ಮಾತ್ರಕ್ಕೆ ಸಂಪಾದನೆ ಬರುವುದಿಲ್ಲ. ಬಾಗಿಲಲ್ಲಿ ಲೇತ್ ವರ್ಕ್ಸ್ ಎಂಬ ಹಲಗೆ ತೂಗಿಸಿಕೊಂಡು ಮೂವತ್ತು ವರ್ಷ ನಿಂತವನ ಕೈಗೂ ಹೊಸಬನ ಕೈಗೂ ಅಂತರ ಬಹಳ. ಸಾಲಮಾಡಿ ಲೇತ್ ಕೊಂಡು, ಅದರ ದುಡಿಮೆಯಿಂದಲೇ ಸಾಲ ತೀರಿಸುವೆನೆಂಬ ಲೆಕ್ಕಾಚಾರವನ್ನು ಹೊಸಬನು ಹಾಕಲೇಬಾರದು. ಮನೆಯ ರಿಪೇರಿ, ನೆರೆಯವರಿಗೆ ಉಪಕಾರ, ತನ್ನ ಕಲಿಕೆ, ಇವಿಷ್ಟಕ್ಕೆ ಎಷ್ಟು ಹಣವನ್ನು ಮನಸ್ಸು ನೋಯದೆ ತೆಗೆದಿಡಬಹುದೋ ಅಷ್ಟೇ ಅವನ ಬಂಡವಾಳ. ಅದರಲ್ಲಿಯೂ ಮೂರನೆಯ ಒಂದು ಪಾಲನ್ನು ಮೊದಲೇ ಬೇರೆ ಗಂಟುಕಟ್ಟಿ ಇಡಬೇಕು. ಅದೇಕೆಂಬುದನ್ನು ಮುಂದೆ ಹೇಳುವೆನು.

ಈ ವಿಷಯದಲ್ಲಿ ಕನ್ನಡ ನಾಡಿನವನು ಪುಣ್ಯವಂತ. ಎರಡನೆಯ ಮಹಾಯುದ್ಧದ ನಡುವೆ, ೧೯೪೧ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪಿತವಾಗಿ ಲೇತ್‌ಗಳನ್ನು ತಯಾರಿಸತೊಡಗಿತು. ಅಲ್ಲಿ ಬೆಳೆದ ಬಡಾವಣೆಗೆ ಯಂತ್ರಾಪುರವೆಂದೇ ಹೆಸರು. ಆ ಕಾರ್ಖಾನೆ ನಿಂತುಹೋಗಿ ವರ್ಷಗಳು ಕಳೆದಿದ್ದರೂ ಅದರ ಲೇತ್‌ಗಳು ನಾಡಿನ ಗಲ್ಲಿಗಲ್ಲಿಗಳಲ್ಲಿ ಇಂದಿಗೂ ತಿರುಗುತ್ತಿವೆ. ೧೯೫೩ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಸಂಸ್ಥೆಯ ಸಹಕಾರದೊಡನೆ ಹಿಂದೂಸ್ತಾನ್ ಮಷೀನ್ ಟೂಲ್ಸ್ ಹುಟ್ಟಿತು. ಎಚ್.ಎಂ.ಟಿ. ಎಂದರೆ ಜನಕ್ಕೆ ನೆನಪಾಗುವುದು ಕೈಗಡಿಯಾರ. ಆದರೆ ಗಡಿಯಾರ ಬಂದದ್ದು ೧೯೬೧ರಲ್ಲಿ, ಲೇತ್ ಅದಕ್ಕಿಂತ ಹಿರಿಯದು. ಇವೆರಡನ್ನು ಬಿಟ್ಟರೆ ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟೆ, ತಮಿಳುನಾಡಿನ ಕೊಯಮತ್ತೂರು, ಈ ಊರುಗಳ ಸಣ್ಣ ಸಣ್ಣ ಕಾರ್ಖಾನೆಗಳ ಲೇತ್‌ಗಳು ಹೇರಳವಾಗಿ ಸಿಕ್ಕುತ್ತವೆ.

ಈ ಯಂತ್ರಗಳೆಲ್ಲ ಮಾರಾಟಕ್ಕೆ ಏಕೆ ಬರುತ್ತವೆ ಎಂದು ಕೇಳಬಹುದು. ಗಣಕದ ಆಜ್ಞೆಯಂತೆ ತಾನೇ ಕಡೆಯುವ ಸಿ.ಎನ್.ಸಿ. ಯಂತ್ರಗಳು ಬಂದ ಮೇಲೆ, ಒಂದೇ ಬಗೆಯ ಸಾವಿರಾರು ವಸ್ತುಗಳನ್ನು ಮಾಡುವ ಕಾರ್ಖಾನೆಗಳಿಗೆ ಕೈಯಿಂದ ನಡೆಸುವ ಲೇತ್ ಬೇಡವಾಯಿತು. ಬೆಂಗಳೂರಿನ ಪೀಣ್ಯದಲ್ಲಿಯೂ ಮೈಸೂರಿನ ಕೈಗಾರಿಕಾ ಪ್ರದೇಶಗಳಲ್ಲಿಯೂ ಹಳೆಯ ಯಂತ್ರಗಳ ವ್ಯಾಪಾರಿಗಳಿದ್ದಾರೆ. ಅವರ ಮನಸ್ಸಿನಲ್ಲಿ ಕೆಳಗಿನ ಬೆಲೆ ಗುಜರಿಯ ಬೆಲೆ. ಅಂದರೆ ಬೀಡುಕಬ್ಬಿಣದ ತೂಕದ ಬೆಲೆ. ಅದಕ್ಕಿಂತ ಕಡಮೆಗೆ ಅವರು ಕೊಡಲಾರರು. ಆದುದರಿಂದ ಹೊರಡುವ ಮುನ್ನ ಆ ದಿನದ ಗುಜರಿಯ ದರವನ್ನು ಕೇಳಿಕೊಂಡು, ಯಂತ್ರದ ತೂಕವನ್ನು ಅದರಿಂದ ಗುಣಿಸಿ ನೋಡಿ. ಚೌಕಾಸಿಯ ತಳ ಎಲ್ಲಿದೆಯೆಂಬುದು ತಿಳಿಯುತ್ತದೆ.

ಅಳತೆಯ ವಿಷಯ. ನಮ್ಮ ಪೇಟೆಯಲ್ಲಿ ಲೇತನ್ನು ಬೆಡ್ಡಿನ ಉದ್ದದಿಂದ ಹೇಳುವುದು ವಾಡಿಕೆ: ನಾಲ್ಕೂವರೆ ಅಡಿ, ಆರಡಿ, ಎಂಟಡಿ. ಇದು ಕಡೆಯಬಹುದಾದ ವಸ್ತುವಿನ ಉದ್ದವಲ್ಲವೆಂಬುದನ್ನು ಹೊಸಬನು ನೆನಪಿಡಬೇಕು. ಹೆಡ್‌ಸ್ಟಾಕ್, ಟೇಲ್‌ಸ್ಟಾಕ್ ಎರಡೂ ಆ ಉದ್ದದಲ್ಲಿಯೇ ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ನಮ್ಮ ಮದ್ದೂರಿನ ಗೃಹಸ್ಥನಿಗೆ ನಾಲ್ಕೂವರೆ ಅಡಿಯದು ಸಾಕೇ ಸಾಕು. ಎಚ್.ಎಂ.ಟಿ.ಯ ದೊಡ್ಡ ಲೇತ್‌ಗಳು ಉತ್ತಮವಾದುವೇನೋ ನಿಜ; ಆದರೆ ಟನ್ನಿಗೆ ಮೀರಿ ತೂಗುವ ಆ ಗಜರಾಜನನ್ನು ಹಿತ್ತಲ ಕೊಠಡಿಯಲ್ಲಿ ಕಟ್ಟಿ ಸಾಕುವುದು ಸುಲಭವಲ್ಲ. ಇತ್ತ ಮೇಜಿನ ಮೇಲಿಡುವ ಚೀನಾದ ಪುಟ್ಟ ಲೇತ್‌ಗಳೂ ಸಿಕ್ಕುತ್ತವೆ. ಹಿತ್ತಾಳೆ, ಅಲ್ಯುಮಿನಿಯಂ, ಸಣ್ಣ ಸಣ್ಣ ಮಾದರಿಗಳನ್ನು ಮಾಡುವವರಿಗೆ ಅವು ಕೆಟ್ಟವಲ್ಲ. ಪಂಪಿನ ಶಾಫ್ಟನ್ನು ಅದರ ಮುಂದೆ ಹಿಡಿದರೆ ಮಾತ್ರ ಅದು ನಡುಗುತ್ತದೆ. ಲೇತ್‌ನಲ್ಲಿ ಭಾರವೇ ಒಂದು ಗುಣ. ಉಳಿಯ ಕಂಪವನ್ನು ನುಂಗುವುದು ಬೀಡುಕಬ್ಬಿಣದ ತೂಕ.

ಈಗ ಪರೀಕ್ಷೆಗೆ ಬರೋಣ. ಕೊಳ್ಳಲು ಹೋಗುವಾಗ ಜೊತೆಯಲ್ಲಿ ಒಂದು ಡಯಲ್ ಗೇಜು ಮತ್ತು ಅದರ ಅಯಸ್ಕಾಂತದ ಪೀಠ, ಒಂದು ಮೈಕ್ರೋಮೀಟರು, ಒಂದು ಟಾರ್ಚು, ಎರಡಡಿಯ ಗಟ್ಟಿ ಮರದ ತುಂಡು, ಒಂದಿಷ್ಟು ಬಟ್ಟೆ, ಸೀಮೆಎಣ್ಣೆ, ಇವಿಷ್ಟು ಇರಲಿ. ಗುಂಡ್ಲುಪೇಟೆಯಲ್ಲಿಯೋ ನಂಜನಗೂಡಿನಲ್ಲಿಯೋ ವರ್ಷಗಟ್ಟಲೆ ಲೇತ್ ನಡೆಸಿದ ಹಿರಿಯ ಟರ್ನರೊಬ್ಬನಿಗೆ ದಿನಗೂಲಿ ಕೊಟ್ಟು ಕರೆದುಕೊಂಡು ಹೋದರೆ ಇನ್ನೂ ಲೇಸು. ಮದುವೆಗೆ ಹೆಣ್ಣು ನೋಡಲು ಸೋದರಮಾವನನ್ನು ಕರೆದೊಯ್ಯುವುದಿಲ್ಲವೆ?

ಹೊಸ ಬಣ್ಣ ಬಳಿದ ಲೇತ್ ಕಂಡರೆ ಸಂತೋಷಪಡದೆ ಸಂಶಯಪಡಿ. ‘ಬೆಣ್ಣೆಯ ಹಾಗೆ ನಡೆಯುತ್ತದೆ ಸ್ವಾಮಿ’ ಎಂದು ವ್ಯಾಪಾರಿ ಹೇಳುತ್ತಿರುವಾಗ ನೀವು ಬೆಡ್ಡಿನ ಕಾಲುಗಳನ್ನೂ, ಟೇಲ್‌ಸ್ಟಾಕಿನ ಬುಡವನ್ನೂ, ಟೂಲ್ ಪೋಸ್ಟ್ ಕೂರುವ ಜಾಗವನ್ನೂ ಟಾರ್ಚು ಹಾಕಿ ನೋಡಿ. ಬಿರುಕು ಬಿಟ್ಟ ಬೀಡಿಗೆ ಪುಟ್ಟಿ ತುಂಬಿ ಬಣ್ಣ ಹಚ್ಚುವುದು ಬಲು ಸುಲಭ. ಹೆಡ್‌ಸ್ಟಾಕಿನಲ್ಲಿ ಬಿರುಕಿದ್ದರೆ ಬೆಲೆ ಎಷ್ಟೇ ಕಡಮೆಯಾಗಲಿ, ಮುಂದಿನ ಮಾತೇ ಬೇಡ.

ಬೆಡ್ಡು ಲೇತ್‌ನ ಬೆನ್ನುಮೂಳೆ. ಅದರ ಹಳಿಗಳ ಮೇಲೆ ಕ್ಯಾರೇಜು ಚಕ್ಕಿನ ಬಳಿ ಓಡಾಡುವಷ್ಟು ಬೇರೆಲ್ಲಿಯೂ ಓಡಾಡುವುದಿಲ್ಲ. ಏಕೆಂದರೆ ಬಹುಪಾಲು ಕೆಲಸಗಳು ಗಿಡ್ಡವಾದವು. ಆದಕಾರಣ ಚಕ್ಕಿನ ಮುಂದಿನ ಒಂದೆರಡು ಗೇಣಿನಷ್ಟು ಜಾಗ ಮಾತ್ರ ಸವೆದು, ಟೇಲ್‌ಸ್ಟಾಕಿನ ಕಡೆ ಹೊಸದರಂತೆಯೇ ಉಳಿದಿರುತ್ತದೆ. ಹಳಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಕ್ಯಾರೇಜು ಓಡುವ ಜಾಗದಿಂದ ಓಡದ ಜಾಗಕ್ಕೆ ಉಗುರನ್ನು ಎಳೆದು ನೋಡಿ. ಮೆಟ್ಟಿಲು ಸಿಕ್ಕಿದರೆ ಸವಕಳಿ ಉಂಟು. ಇನ್ನೊಂದು ಉಪಾಯ: ಕ್ಯಾರೇಜನ್ನು ಚಕ್ಕಿನ ಬಳಿ ತಂದು, ಅದರ ಲಾಕ್ ಬೋಲ್ಟನ್ನು ಸ್ವಲ್ಪವೇ ಬಿಗಿದು, ತುಸು ಬಿಗಿಯಾಗಿ ಜಾರುವಂತೆ ಮಾಡಿ. ಆಮೇಲೆ ಕೈಚಕ್ರವನ್ನು ತಿರುಗಿಸುತ್ತ ಟೇಲ್‌ಸ್ಟಾಕಿನ ಕಡೆಗೆ ಒಯ್ಯಿರಿ. ಕೊನೆಯವರೆಗೂ ಒಂದೇ ಸಮನೆ ನಡೆದರೆ ಬೆಡ್ಡು ಸಮವಾಗಿದೆ; ನಡುದಾರಿಯಲ್ಲಿ ಕಚ್ಚಿಕೊಂಡು ನಿಂತರೆ ಚಕ್ಕಿನ ಬಳಿ ಹಳಿ ತೆಳುವಾಗಿದೆಯೆಂದು ಅರ್ಥ.

ಇಲ್ಲಿ ಹೊಸಬರು ಹೆದರಿ ಓಡಿಹೋಗುವುದುಂಟು. ಅದು ಯಾವಾಗಲೂ ಸರಿಯಲ್ಲ. ಸವಕಳಿಯಿಂದ ಉಳಿಯ ಮೊನೆ ಕೆಳಕ್ಕೆ ಇಳಿಯುವುದು ಬೇರೆ, ಕೆಲಸದಿಂದ ಹಿಂದಕ್ಕೆ ಸರಿಯುವುದು ಬೇರೆ. ೨೫ ಮಿಲಿಮೀಟರು ದಪ್ಪದ ಕಂಬಿಯನ್ನು ಕಡೆಯುವಾಗ ಮೊನೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಕೆಳಕ್ಕೆ ಇಳಿದರೆ ಕಂಬಿಯ ವ್ಯಾಸದಲ್ಲಿ ಆಗುವ ವ್ಯತ್ಯಾಸ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೂ ಕಡಮೆ. ಅದೇ ಮೊನೆ ಅಷ್ಟೇ ದೂರ ಹಿಂದಕ್ಕೆ ಸರಿದರೆ ವ್ಯಾಸದಲ್ಲಿ ೦.೨ ಮಿಲಿಮೀಟರು ವ್ಯತ್ಯಾಸ. ಬೇರಿಂಗ್ ಕೂರಬೇಕಾದ ಶಾಫ್ಟಿಗೆ ಇದು ಮರಣಶಾಸನ. ಆದುದರಿಂದ ಚಪ್ಪಟೆಯ ಹಳಿ ಎದುರಿಗೆ ಎಷ್ಟು ಸವೆದಂತೆ ಕಂಡರೂ ಅಷ್ಟಾಗಿ ಕಂಗೆಡಬೇಡಿ. ಮುಂದಿನ ಕೋಡುಹಳಿಯ ಇಳಿಜಾರು ಮುಖವನ್ನು ಚೆನ್ನಾಗಿ ನೋಡಿ. ಕ್ಯಾರೇಜು ಅಡ್ಡಕ್ಕೆ ಸರಿಯುವುದು ಆ ಮುಖ ಸವೆದಾಗಲೇ. ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸಬಹುದು. ಆದರೆ ಅದರ ಖರ್ಚು ಹಳೆಯ ಲೇತ್‌ನ ಬೆಲೆಯನ್ನೇ ನಾಚಿಸೀತು. ಹೊಸಬನು ಆ ಗೊಡವೆಗೆ ಹೋಗಬಾರದು.

ಎರಡನೆಯದು ಸ್ಪಿಂಡಲ್. ಚಕ್ಕನ್ನು ಕಳಚಿಸಿ, ಡಯಲ್ ಗೇಜಿನ ಮುಳ್ಳನ್ನು ಸ್ಪಿಂಡಲ್ ಮೂತಿಯ ನುಣುಪು ಭಾಗಕ್ಕೆ ತಾಗಿಸಿ, ಕೈಯಿಂದ ಮೆಲ್ಲನೆ ತಿರುಗಿಸಿ. ಚಕ್ಕಿನ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಹಳೆಯ ಚಕ್ಕು ಓರೆಯಾಗಿರುವುದು ಸಾಮಾನ್ಯ, ಅದನ್ನು ಬದಲಿಸಲೂಬಹುದು. ಮುಳ್ಳು ೦.೦೧ ಮಿಲಿಮೀಟರಿನ ಆಸುಪಾಸಿನಲ್ಲಿ ಆಡಿದರೆ ಸಂತೋಷ. ಬಳಿಕ ಮರದ ತುಂಡನ್ನು ಸ್ಪಿಂಡಲಿನ ಕೆಳಗಿಟ್ಟು ಮೀಟಿರಿ. ಮುಳ್ಳು ತುಸು ಏರಿ, ಬಿಟ್ಟೊಡನೆ ಇಳಿದರೆ ಅದು ಲೋಹದ ಸಹಜವಾದ ಬಾಗು. ಟಕ್ಕೆಂದು ಸದ್ದುಮಾಡಿ ಏರಿದರೆ ಬೇರಿಂಗಿನಲ್ಲಿ ಸಡಿಲವುಂಟು. ಗನ್‌ಮೆಟಲ್ ಬುಷ್‌ಗಳ ಮೇಲೆ ತಿರುಗುವ ಹಳೆಯ ಲೇತ್‌ಗಳಲ್ಲಿ ಈ ಸಡಿಲವನ್ನು ಬಿಗಿದುಕೊಳ್ಳಲು ಅವಕಾಶವಿರುತ್ತದೆ. ರೋಲರ್ ಬೇರಿಂಗಿನವುಗಳಲ್ಲಿಯೂ ಹಿಂದಿನ ನಟ್ಟಿನಿಂದ ಬಿಗಿಯಬಹುದು. ಬಿಗಿದ ಮೇಲೂ ಗೊರಗೊರ ಸದ್ದು ಹೋಗದಿದ್ದರೆ ಹೊಸ ಬೇರಿಂಗಿನ ಹಣವನ್ನು ಬೆಲೆಯಿಂದ ಕಳೆಯಿರಿ. ಚಕ್ಕನ್ನು ಮತ್ತೆ ಹಾಕಿಸಿ, ಅರ್ಧ ಗಂಟೆ ಓಡಿಸಿ, ಹೆಡ್‌ಸ್ಟಾಕಿನ ಮೇಲೆ ಅಂಗೈಯಿಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಒಳಗೆ ಏನೋ ಹದಗೆಟ್ಟಿದೆ.

ಉಳಿದುವನ್ನು ಬೇಗ ಹೇಳಿ ಮುಗಿಸಬಹುದು. ಕ್ರಾಸ್ ಸ್ಲೈಡಿನ ಹಿಡಿಯನ್ನು ಹಿಂದುಮುಂದು ತಿರುಗಿಸಿದಾಗ ಕಾಲು ಸುತ್ತು ಸುಮ್ಮನೆ ತಿರುಗಿದರೆ ಅದೊಂದು ದೋಷವೇ ಅಲ್ಲ. ಯಾವಾಗಲೂ ಒಂದೇ ದಿಕ್ಕಿನಿಂದ ಉಳಿಯನ್ನು ತಂದರೆ ಸಾಕು. ಹಲ್ಲು ಮುರಿದ ಗೇರನ್ನು ಪೀಣ್ಯದಲ್ಲಿಯೂ ಕೊಯಮತ್ತೂರಿನಲ್ಲಿಯೂ ಹೊಸದಾಗಿ ಕೊಯ್ದುಕೊಡುತ್ತಾರೆ. ಲೀಡ್ ಸ್ಕ್ರೂ ಹಿಡಿಯುವ ಹಾಫ್ ನಟ್ಟು ಸವೆದು ಜಾರುತ್ತಿದ್ದರೆ ಅದನ್ನೂ ಮಾಡಿಸಬಹುದು.

ಆದರೆ ಚೇಂಜ್ ಗೇರುಗಳ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ನಮ್ಮ ಹಳೆಯ ಲೇತ್‌ಗಳಲ್ಲಿ ಹಲವಕ್ಕೆ ಇಂಚಿನ ಲೆಕ್ಕದ ಲೀಡ್ ಸ್ಕ್ರೂ ಇರುತ್ತದೆ. ಇಂದಿನ ಬೋಲ್ಟು ನಟ್ಟುಗಳೋ ಬಹುಮಟ್ಟಿಗೆ ಮಿಲಿಮೀಟರಿನ ಲೆಕ್ಕದವು. ಇಂಚಿಗೆ ೨೫.೪ ಮಿಲಿಮೀಟರು, ಇದನ್ನು ಐದರಿಂದ ಗುಣಿಸಿದರೆ ೧೨೭. ೧೨೭ ಹಲ್ಲಿನ ಗೇರು ಒಂದಿದ್ದರೆ ಇಂಚಿನ ಸ್ಕ್ರೂನಿಂದಲೇ ಮಿಲಿಮೀಟರಿನ ತಿರುಪನ್ನು ತಪ್ಪಿಲ್ಲದೆ ಕೊಯ್ಯಬಹುದು. ಅದು ಕಳೆದುಹೋಗಿದ್ದರೆ ೬೩ ಹಲ್ಲಿನದಕ್ಕೆ ೮೦ರದನ್ನು ಜೋಡಿಸಿ ಕೆಲಸ ತೂಗಿಸಬಹುದು. ತಪ್ಪು ಎಂಟು ಸಾವಿರದಲ್ಲಿ ಒಂದು ಪಾಲು ಮಾತ್ರ, ಪಂಪಿನ ಬೋಲ್ಟಿಗೆ ಅದು ಲೆಕ್ಕಕ್ಕಿಲ್ಲ. ವ್ಯಾಪಾರಿಯ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದ ಗೇರುಗಳ ರಾಶಿಯನ್ನು ಆ ದಿನವೇ ಕೆದಕಿ ಹಲ್ಲುಗಳನ್ನು ಎಣಿಸಿಕೊಳ್ಳಿ. ನಾಳೆ ಬಂದರೆ ಅದು ತೂಕಕ್ಕೆ ಹೋಗಿರುತ್ತದೆ. ನಾಲ್ಕು ದವಡೆಯ ಚಕ್ಕು, ಫೇಸ್ ಪ್ಲೇಟು, ಸ್ಟೆಡಿ, ಇವನ್ನೂ ಹಾಗೆಯೇ ಕೇಳಿ ಪಡೆಯಿರಿ. ಬಿಡಿಬಿಡಿಯಾಗಿ ಕೊಳ್ಳಹೋದರೆ ಪ್ರತಿಯೊಂದಕ್ಕೂ ಬೆಲೆ.

ಕಡೆಯ ಪರೀಕ್ಷೆ ಕಡೆಯುವುದೇ. ಒಂದಂಗುಲ ದಪ್ಪದ ಕಂಬಿಯನ್ನು ಚಕ್ಕಿನಲ್ಲಿ ಬಿಗಿದು, ನೂರು ಮಿಲಿಮೀಟರು ಹೊರಚಾಚಲಿ. ಟೇಲ್‌ಸ್ಟಾಕಿನ ಆಸರೆ ಬೇಡ. ಹರಿತವಾದ ಉಳಿಯಿಂದ ತೀರ ತೆಳುವಾಗಿ ಒಂದೆರಡು ಬಾರಿ ಕಡೆದು, ಎರಡು ತುದಿಗಳನ್ನೂ ಮೈಕ್ರೋಮೀಟರಿನಿಂದ ಅಳೆಯಿರಿ. ವ್ಯತ್ಯಾಸ ೦.೦೨ ಅಥವಾ ೦.೦೩ ಮಿಲಿಮೀಟರಿನೊಳಗಿದ್ದರೆ ಹಳೆಯ ಲೇತ್‌ಗೆ ನಮಸ್ಕಾರ ಮಾಡಿ ಹಣ ಕೊಡಬಹುದು. ಹೆಚ್ಚಾಗಿದ್ದರೂ ಒಮ್ಮೆಲೇ ತಿರಸ್ಕರಿಸಬೇಡಿ. ಅಂಗಡಿಯ ನೆಲ ಓರೆಯಾಗಿದ್ದು ಬೆಡ್ಡು ತಿರುಚಿಕೊಂಡಿದ್ದರೂ ಹೀಗಾಗುತ್ತದೆ. ಕಾಲುಗಳ ಕೆಳಗೆ ತಗಡು ಕೊಟ್ಟು ನೋಡಿ. ವ್ಯತ್ಯಾಸ ಬದಲಾದರೆ ದೋಷ ನೆಲದ್ದು.

ಈಗ ವಿದ್ಯುತ್ತು. ಕಾರ್ಖಾನೆಯಿಂದ ಬಂದ ಲೇತ್‌ಗೆ ಮೂರು ಫೇಸಿನ ಮೋಟಾರು ಇರುತ್ತದೆ. ಮದ್ದೂರಿನ ಮನೆಗೆ ಇರುವುದು ೨೩೦ ವೋಲ್ಟಿನ ಒಂದು ಫೇಸು. ಪಂಪ್‌ಸೆಟ್ಟಿಗೆ ಬಂದ ಮೂರು ಫೇಸಿನಿಂದ ಲೇತ್ ನಡೆಸುವೆನೆಂದರೆ ಅದು ಕೃಷಿಗಾಗಿ ಕೊಟ್ಟದ್ದು. ಬೇರೆ ಕೆಲಸಕ್ಕೆ ಬಳಸುವುದು ಅಪರಾಧ. ಅದು ದಿನವಿಡೀ ಇರುವುದೂ ಇಲ್ಲ. ಹಳೆಯ ಮೋಟಾರನ್ನು ಮಾರಿ, ಒಂದು ಅಥವಾ ಎರಡು ಅಶ್ವಶಕ್ತಿಯ ಒಂದು ಫೇಸಿನ ಮೋಟಾರು ಹಾಕಿಸುವುದು ಸರಳವಾದ ದಾರಿ. ಬೆಲ್ಟಿನಿಂದ ನಡೆಯುವ ಕೋನ್ ಪುಲ್ಲಿಯ ಲೇತ್‌ಗೆ ಇದು ಬಹಳ ಸುಲಭ. ಬೆಲ್ಟಿನ ಲೇತ್‌ಗಳು ಪೇಟೆಯಲ್ಲಿ ಅಗ್ಗವೂ ಹೌದು. ಎಲ್ಲರೂ ಗೇರಿನದನ್ನೇ ಬಯಸುತ್ತಾರೆ. ಹೊಸಬನ ಪಾಲಿಗೆ ಬೆಲ್ಟೇ ಹಿತವೆಂದು ನನ್ನ ಅಭಿಪ್ರಾಯ: ಉಳಿ ಕಚ್ಚಿಕೊಂಡಾಗ ಬೆಲ್ಟು ಜಾರುತ್ತದೆ, ಗೇರಾದರೆ ಹಲ್ಲು ಮುರಿಯುತ್ತದೆ. ಮೋಟಾರು ಕೊಳ್ಳುವ ಮುಂಚೆ ಮನೆಗೆ ಮಂಜೂರಾದ ವಿದ್ಯುತ್ತಿನ ಪ್ರಮಾಣವನ್ನು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಅರ್ಜಿ ಕೊಡಬೇಕು. ನೆಲಕ್ಕೆ ಹೂತ ಅರ್ಥಿಂಗ್ ಇಲ್ಲದ ಮನೆಯಲ್ಲಿ ಲೇತನ್ನು ನಡೆಸಲೇಬಾರದು.

ಬಂಡವಾಳದಲ್ಲಿ ಮೂರನೆಯ ಒಂದು ಪಾಲನ್ನು ಬೇರೆಯಿಡಲು ಹೇಳಿದೆನಷ್ಟೆ. ಉಳಿಗಳು, ಅವನ್ನು ಮಸೆಯುವ ಗ್ರೈಂಡರು, ಡ್ರಿಲ್ ಚಕ್ಕು, ಅಳತೆಯ ಉಪಕರಣಗಳು, ಮೋಟಾರು, ಸಾಗಣೆ, ಇವೆಲ್ಲವೂ ಅದರಲ್ಲಿ ಆಗಬೇಕು. ಲೇತ್‌ಗೇ ಎಲ್ಲ ಹಣವನ್ನು ಸುರಿದು, ಉಳಿಯಿಲ್ಲದೆ ಅದಕ್ಕೆ ಗೋಣಿ ಹೊದಿಸಿಟ್ಟರೆ ಯಾರಿಗೆ ಏನು ಲಾಭ? ಹೊಸಬನು ಕಾರ್ಬೈಡಿನ ಮೊನೆಗಳ ಹಿಂದೆ ಬೀಳದೆ ಹೈಸ್ಪೀಡ್ ಉಕ್ಕಿನ ಉಳಿಯನ್ನು ತಾನೇ ಮಸೆಯಲು ಕಲಿಯಲಿ. ಅಗ್ಗ, ಮತ್ತು ಮುರಿದರೆ ಮತ್ತೆ ಮಸೆಯಬಹುದು.

ಸಾಗಣೆಯಲ್ಲಿ ಅವಸರ ಕೂಡದು. ಲೇತ್‌ನ ಭಾರವೆಲ್ಲ ಹೆಡ್‌ಸ್ಟಾಕಿನ ಕಡೆಗೂ ಮೇಲಕ್ಕೂ ಇರುವುದರಿಂದ ಅದು ಮಗುಚಿಕೊಳ್ಳುವುದು ಬಹು ಬೇಗ. ಕ್ಯಾರೇಜನ್ನೂ ಟೇಲ್‌ಸ್ಟಾಕನ್ನೂ ಹಿಂದಿನ ತುದಿಗೆ ಸರಿಸಿ ಬಿಗಿದು, ಬೆಡ್ಡಿನ ಕೆಳಗೆ ಪಟ್ಟಿ ಹಾಕಿ ಎತ್ತಬೇಕು. ಸ್ಪಿಂಡಲಿಗಾಗಲಿ ಲೀಡ್ ಸ್ಕ್ರೂಗಾಗಲಿ ಹಗ್ಗ ಕಟ್ಟಿದರೆ ಅಲ್ಲಿಗೆ ಅದು ಬಾಗಿತೆಂದೇ ತಿಳಿಯಿರಿ. ಕೊಯಮತ್ತೂರಿನಿಂದ ತರುವವರು ಸತ್ಯಮಂಗಲದ ದಾರಿಯಲ್ಲಿ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಹತ್ತಿ ಚಾಮರಾಜನಗರಕ್ಕೆ ಬರಬೇಕು. ಅಲ್ಲಿಯೂ ರಾತ್ರಿಯ ಸಂಚಾರಕ್ಕೆ ನಿರ್ಬಂಧವುಂಟಾದ್ದರಿಂದ ಬೆಳಗ್ಗೆಯೇ ಹೊರಡುವ ಏರ್ಪಾಡಿರಲಿ. ತಿರುವುಗಳಲ್ಲಿ ಯಂತ್ರ ಸರಿಯದಂತೆ ನಾಲ್ಕು ದಿಕ್ಕಿಗೂ ಬಿಗಿದಿರಲಿ.

ಮನೆಗೆ ಬಂದ ಮೇಲೆ ಮಕ್ಕಳನ್ನು ಆ ಕೊಠಡಿಯಿಂದ ದೂರವಿಡಿ. ಪಂಚೆ, ಅಂಗವಸ್ತ್ರ, ಉದ್ದ ತೋಳಿನ ಅಂಗಿ, ಇಳಿಬಿಟ್ಟ ಜಡೆ, ಕೈಬೆರಳಿನ ಉಂಗುರ, ಕೈಗವಸು, ಇವು ಯಾವುವೂ ತಿರುಗುವ ಚಕ್ಕಿನ ಹತ್ತಿರ ಸುಳಿಯಬಾರದು. ಚಕ್ಕಿನ ಕೀಲಿಯಿಂದ ಕೈ ತೆಗೆಯುವ ಮುನ್ನ ಕೀಲಿಯನ್ನೇ ತೆಗೆಯುವ ಅಭ್ಯಾಸ ಮೊದಲ ದಿನವೇ ಆಗಬೇಕು. ಚಕ್ಕಿನಲ್ಲಿ ಮರೆತ ಕೀಲಿ ಮೋಟಾರು ಹಾಕಿದೊಡನೆ ಕವಣೆಯ ಕಲ್ಲಿನಂತೆ ಹಾರುತ್ತದೆ.

ಕೊಠಡಿಯ ನೆಲಕ್ಕೆ ಅರ್ಧ ಅಡಿ ದಪ್ಪದ ಕಾಂಕ್ರೀಟು ಹಾಕಿ, ಕೆಲವು ವಾರ ಒಣಗಲು ಬಿಟ್ಟು, ಆಮೇಲೆ ಲೇತನ್ನು ನಿಲ್ಲಿಸಿ. ಬೆಡ್ಡಿನ ಅಡ್ಡಕ್ಕೆ ಸೂಕ್ಷ್ಮವಾದ ರಸಮಟ್ಟವನ್ನಿಟ್ಟು, ಚಕ್ಕಿನ ಬಳಿಯೂ ಟೇಲ್‌ಸ್ಟಾಕಿನ ಬಳಿಯೂ ಗುಳ್ಳೆ ಒಂದೇ ಗೆರೆಯಲ್ಲಿ ನಿಲ್ಲುವಂತೆ ಕಾಲುಗಳ ಕೆಳಗೆ ತಗಡು ಕೊಡಿ. ಬಳಿಕ ಅಂಗಡಿಯಲ್ಲಿ ಮಾಡಿದ ಕಂಬಿಯ ಪರೀಕ್ಷೆಯನ್ನೇ ಇಲ್ಲಿಯೂ ಮಾಡಿ, ಅಳತೆಯನ್ನು ಗೋಡೆಯ ಮೇಲೆ ಬರೆದಿಡಿ. ಹೊಸ ನೆಲ ಕೂರುವುದಕ್ಕೆ ಕಾಲ ಹಿಡಿಯುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ರಸಮಟ್ಟವನ್ನಿಟ್ಟು ನೋಡಿ ತಗಡುಗಳನ್ನು ಸರಿಪಡಿಸಿಕೊಳ್ಳಬೇಕು.